ಡ್ರೋನ್ ಇರುವಾಗ ಬೆಟ್ಟ ಯಾಕೆ ಹತ್ತಬೇಕು ಅಂತ ಕೇಳಿದ್ರು. ಮನಸ್ಸಿಗೆ ಬೇಜಾರಾಯ್ತು, ನೀವು ಹೇಳಿ

ಮಧುಗಿರಿ ಹೈದ

ಎಲ್ಲರಿಗೂ ನಮಸ್ಕಾರ. ಊರು ಮಧುಗಿರಿ. ಈಗ ತುಮಕೂರಲ್ಲಿದ್ದೀನಿ, ಅಂತರಸನಹಳ್ಳಿ ಕಡೆ ಒಂದು ಕಾರ್ಖಾನೇಲಿ ಸಿಎನ್‌ಸಿ ಮೆಷಿನ್ ಆಪರೇಟರ್. ಚಿಕ್ಕಂದಿನಿಂದ ಬೆಟ್ಟ ಹತ್ತೋ ಹುಚ್ಚು. ರಜೆ ಬಂದ್ರೆ ನಾವು ನಾಲ್ಕೈದು ಹುಡುಗ್ರು ಕೋಟೆ ಬಾಗಿಲಲ್ಲೇ ಇರ್ತಿದ್ವಿ. ಕ್ಯಾಮೆರಾ ಬಂದಿದ್ದು ಬಹಳ ತಡವಾಗಿ, ಮೂರು ವರ್ಷದ ಹಿಂದೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಜೊತೆಗೆ 18-55 ಲೆನ್ಸು, ಅಷ್ಟೇ.

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗಳ ಮದುವೇಲಿ ಫೋಟೋ ತೆಗೆಯೋರಿಗೆ ನನ್ನ ಬೆಟ್ಟದ ಚಿತ್ರಗಳನ್ನ ಮೊಬೈಲಲ್ಲಿ ತೋರಿಸಿದೆ. ಎರಡು ನೋಡಿದ್ರು, ವಾಪಸ್ ಕೊಟ್ರು. "ಇದಕ್ಕೆ ಮೂರು ಗಂಟೆ ಹತ್ತಿದ್ರಾ? ಡ್ರೋನ್ ಬಿಟ್ಟಿದ್ರೆ ಹತ್ತು ನಿಮಿಷದ ಕೆಲಸ" ಅಂದ್ರು. ಕೆಟ್ಟ ಮನಸ್ಸಿಂದ ಹೇಳಲಿಲ್ಲ, ಆದ್ರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಒಂದು ವಿಷಯ ಹೇಳ್ತೀನಿ. ಅಕ್ಟೋಬರ್‌ನಲ್ಲಿ ಒಂದಿನ ಮಧ್ಯಾಹ್ನ ಜೋರು ಮಳೆ ಬಂದು ನಿಂತಿತ್ತು. ನಾಲ್ಕು ಗಂಟೆಗೆ ಬಂಡೆ ಒಣಗಿತ್ತು, ಹತ್ತಿದೆ. ಕಬ್ಬಿಣದ ಕಂಬಿ ಹಿಡಿದು ಹೋಗೋ ಕಡಿದಾದ ಜಾಗ ಇದೆಯಲ್ಲ, ಅಲ್ಲಿ ಉಳಿಯಲ್ಲಿ ಕಡಿದ ಮೆಟ್ಟಿಲು, ಬರೀ ಮುಂಗಾಲು ಹಿಡಿಸೋಷ್ಟು. ಆಸರೆಗೆ ಅಂತ ಮೇಲಿನ ಗುಳಿಗೆ ಕೈ ಹಾಕಿದೆ. ಅಂಗೈಗೆ ತಣ್ಣಗೆ ನೀರು ತಾಗಿತು. ಬಂಡೆ ಮಾತ್ರ ಇನ್ನೂ ಬೆಚ್ಚಗಿತ್ತು. ಆಗ ನಿಂತು, ಕಂಬಿ ಭದ್ರ ಹಿಡಿದು ಹಿಂದೆ ತಿರುಗಿ ಕೆಳಗೆ ನೋಡಿದೆ. ನಾನು ಹತ್ತಿಬಂದ ಒಂದೊಂದು ಗುಳಿಯಲ್ಲೂ ಬೊಗಸೆ ನೀರು, ಒಂದೊಂದರಲ್ಲೂ ಒಂದು ಚೂರು ಆಕಾಶ. ಸಾಲಾಗಿ ಊರಿನವರೆಗೆ ಇಳಿದು ಹೋದ ಹಾಗೆ. ನೂರಾರು ಸಲ ಹತ್ತಿದ ಬೆಟ್ಟ ಅದು, ಯಾವತ್ತೂ ಕಂಡಿರಲಿಲ್ಲ. ನಾನು ತೆಗೆದಿರೋದ್ರಲ್ಲಿ ನನಗೆ ಇಷ್ಟವಾದ ಚಿತ್ರ ಅದೊಂದೇ.

ಈಗ ನನ್ನ ಪ್ರಶ್ನೆ. ಹತ್ತೋದಕ್ಕೂ ಚಿತ್ರಕ್ಕೂ ನಿಜವಾಗ್ಲೂ ಸಂಬಂಧ ಇದೆಯಾ, ಇಲ್ಲಾ ನನಗೆ ಹಾಗನ್ನಿಸ್ತಿದೆಯಾ? ಇನ್ನೊಂದು, ಬ್ಯಾಗಲ್ಲಿ ಏನೇನು ಒಯ್ಯೋದು? ಟ್ರೈಪಾಡ್ ತಗೊಳ್ಳೋಣ ಅಂತಿದ್ದೀನಿ.

ಸಿರಾ ಗೇಟ್ ಸೀನ

ಮೊದಲು ಆ ಫೋಟೋ ಹಾಕಿ ಅಣ್ಣ. ಓದೇ ಮೈ ಜುಂ ಅಂತು.

ಗುಡಿಬಂಡೆ ಗರುಡ

ನಾನು ಡ್ರೋನ್ ಹಾರಿಸೋನೇ, ಅದಕ್ಕೆ ನನ್ನ ಮಾತೂ ಕೇಳಿ. ಮೇಲಿಂದ ನೋಡೋದು ಕಡಿಮೆ ಅಂತ ಯಾಕೆ ತಿಳ್ಕೋಬೇಕು? ನಮ್ಮ ಗುಡಿಬಂಡೆ ಕೋಟೆ ಮೇಲೆ ನಿಂತ್ರೆ ಭೈರಸಾಗರ ಕೆರೆ ಕಾಣುತ್ತೆ, ಸರಿ. ಆದ್ರೆ ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನೀರು ಹೋಗೋ ಸರಪಳಿ ಇದೆಯಲ್ಲ, ಅದನ್ನ ನಾನು ಅರ್ಥ ಮಾಡ್ಕೊಂಡಿದ್ದೇ ಡ್ರೋನ್ ಮೇಲಿಂದ. ಯಾವ ಬೆಟ್ಟ ಹತ್ತಿದ್ರೂ ಅದು ಅಷ್ಟು ಸ್ಪಷ್ಟವಾಗಿ ಸಿಗಲ್ಲ.

ಹಾಗಂತ ಮದುವೆ ಮನೇಲಿ ಅವರು ಹೇಳಿದ್ದು ಸರಿಯಲ್ಲ. ಮಧುಗಿರಿ ಕೋಟೆಯಂಥ ಸಂರಕ್ಷಿತ ಸ್ಮಾರಕದ ಮೇಲೆ ಅನುಮತಿ ಇಲ್ಲದೆ ಹಾರಿಸೋ ಹಾಗೇ ಇಲ್ಲ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿದ್ರೆ ನೋಂದಣಿ ಬೇಕು, ವಿಮಾನ ನಿಲ್ದಾಣದ ಸುತ್ತ ವಲಯಗಳಿವೆ. ಹತ್ತು ನಿಮಿಷದ ಕೆಲಸ ಅನ್ನೋರು ಮೊದಲು ನಕ್ಷೆ ನೋಡಬೇಕು.

ಅಂತರಗಂಗೆ ಅಕ್ಕ

ಗರುಡ, ಆ ಗುಳಿ ನೀರು ನಿಮ್ಮ ಡ್ರೋನಿಗೆ ಕಾಣ್ತಿತ್ತಾ?

ಗುಡಿಬಂಡೆ ಗರುಡ

ಕಾಣಬಹುದಿತ್ತು ಅಕ್ಕ, ಕೆಳಗೆ ಇಳಿಸಿದ್ರೆ. ಆದ್ರೆ ಅಲ್ಲಿ ಕಂಬಿ ಇದೆ, ಜನ ಹತ್ತುತ್ತಿರ್ತಾರೆ, ನಾನಂತೂ ಇಳಿಸಲ್ಲ. ಇನ್ನೊಂದು ನಿಜ ಒಪ್ಕೋತೀನಿ. ಅಲ್ಲಿ ನೀರಿದೆ ಅಂತ ನನಗೆ ಗೊತ್ತಾಗ್ತಿರಲಿಲ್ಲ, ಹುಡುಕೋಕೂ ಹೋಗ್ತಿರಲಿಲ್ಲ. ಅಣ್ಣನಿಗೆ ಅದನ್ನ ತೋರಿಸಿದ್ದು ಕೈ.

ಹಳೇ ರೀಲು

ಹೈದನಿಗೆ ಒಂದು ಹಳೇ ಕಥೆ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಹೆಸರು ಕೇಳಿರ್ತೀರಿ. 1927ರಲ್ಲಿ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಅನ್ನೋ ದೊಡ್ಡ ಬಂಡೆಯ ಮುಖ ತೆಗೀಬೇಕು ಅಂತ ದೊಡ್ಡ ಕ್ಯಾಮೆರಾ, ಟ್ರೈಪಾಡ್, ಗಾಜಿನ ಪ್ಲೇಟುಗಳನ್ನ ಬೆನ್ನ ಮೇಲೆ ಹೊತ್ತು ಹಿಮದಲ್ಲಿ ಹತ್ತಿದ. ಬಂಡೆ ಎದುರಿನ ಚಾಚುಗಲ್ಲು ತಲುಪೋ ಹೊತ್ತಿಗೆ ಉಳಿದಿದ್ದು ಎರಡೇ ಪ್ಲೇಟು. ಒಂದನ್ನ ಹಳದಿ ಫಿಲ್ಟರ್ ಹಾಕಿ ತೆಗೆದ. ತೆಗೆದ ಮೇಲೆ ಅನ್ನಿಸ್ತು, ತಾನು ಆ ಬಂಡೆ ಎದುರು ನಿಂತಾಗ ಮನಸ್ಸಿಗೆ ಆದದ್ದು ಇದರಲ್ಲಿ ಬರಲ್ಲ ಅಂತ. ಕೊನೇ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದ. ಆ ಕಪ್ಪು-ಬಿಳುಪು ಚಿತ್ರದಲ್ಲಿ ನೀಲಿ ಆಕಾಶ ಹೆಚ್ಚುಕಮ್ಮಿ ಕಪ್ಪಾಯ್ತು, ಬಂಡೆ ಎದೆ ಮೇಲೆ ಬಂದು ನಿಂತ ಹಾಗಾಯ್ತು. ಆಗ ಅವನಿಗೆ 25 ವರ್ಷ.

ಆ ಫಿಲ್ಟರ್ ಬದಲಾವಣೆ ಕೆಳಗಿನ ರಸ್ತೇಲಿ ನಿಂತವನಿಗೆ ಹೊಳೀತಿರಲಿಲ್ಲ ಅನ್ನೋದು ನನ್ನ ನಂಬಿಕೆ. ಉಸಿರು ಕಟ್ಟಿ ಹತ್ತಿದ್ದ, ಬಂಡೆಯ ತೂಕ ಮೈಗೆ ಗೊತ್ತಿತ್ತು.

ನಾನೂ ಒಂದು ರೀಲಿಗೆ 36 ಫೋಟೋ ಬರ್ತಿದ್ದ ಕಾಲದವನು. ದೇವರಾಯನದುರ್ಗಕ್ಕೆ ಒಂದೇ ರೀಲು ಹಾಕ್ಕೊಂಡು ಹೋಗ್ತಿದ್ದೆ. ಯೋಗನರಸಿಂಹನ ಗುಡಿ ತಲುಪೋವರೆಗೆ ಹತ್ತಕ್ಕಿಂತ ಹೆಚ್ಚು ಖರ್ಚು ಮಾಡಬಾರದು ಅಂತ ಲೆಕ್ಕ. ಮಿಕ್ಕಿದ್ದೆಲ್ಲ ನೋಡೋದೇ.

ಕುಣಿಗಲ್ ಕುದುರೆ

ಆಡಮ್ಸ್ ಅಂದ್ರೆ ಎವರೆಸ್ಟ್ ತುದೀಲಿ ಫೋಟೋ ತೆಗೆದವರು ತಾನೇ?

ಹಳೇ ರೀಲು

ಅಲ್ಲಪ್ಪ. 1953ರಲ್ಲಿ ಎವರೆಸ್ಟ್ ತುದಿಯಲ್ಲಿ ತೇನ್‌ಸಿಂಗ್ ಅವರ ಫೋಟೋ ತೆಗೆದದ್ದು ಎಡ್ಮಂಡ್ ಹಿಲರಿ. ತುದಿಯಲ್ಲಿ ಹಿಲರಿ ನಿಂತ ಫೋಟೋನೇ ಇಲ್ಲ. ಪರ್ವತದ ಚಿತ್ರಗಳಿಗೆ ದಾರಿ ಹಾಕಿದ ಹಿರಿಯ ಬೇಕು ಅಂದ್ರೆ ಇಟಲಿಯ ವಿಟ್ಟೋರಿಯೊ ಸೆಲ್ಲಾ. 1909ರಲ್ಲಿ ಕೆ2 ಶಿಖರದ ಕಡೆ ಹೋದ ತಂಡದಲ್ಲಿದ್ದ.

ಸ್ಲ್ಯಾಬ್ ಸುಬ್ಬು

ಹೈದ ಅವರಿಗೆ ಹತ್ತಿರದ ಉದಾಹರಣೆ ಗ್ಯಾಲನ್ ರೋವೆಲ್. ಕ್ಯಾಲಿಫೋರ್ನಿಯಾದವರು, ಮೊದಲು ಬಂಡೆ ಹತ್ತೋರು, ಆಮೇಲೆ ಫೋಟೋ. ಹೊಟ್ಟೆಪಾಡಿಗೆ ಕಾರು ರಿಪೇರಿ ಅಂಗಡಿ ನಡೆಸ್ತಿದ್ರು, 1972ರಲ್ಲಿ ಅದನ್ನ ಮಾರಿ ಪೂರ್ತಿ ಕ್ಯಾಮೆರಾಗೆ ಇಳಿದ್ರು. 1981ರಲ್ಲಿ ಟಿಬೆಟ್‌ನ ಲ್ಹಾಸಾದಲ್ಲಿ ಕಾಮನಬಿಲ್ಲು ಕಂಡಾಗ ಅವರು ಅಲ್ಲೇ ನಿಂತು ಒತ್ತಲಿಲ್ಲ, ಓಡಿದ್ರು. ಯಾಕೆ ಗೊತ್ತಾ? ಕಾಮನಬಿಲ್ಲು ಒಂದು ಜಾಗದಲ್ಲಿ ನೆಟ್ಟ ವಸ್ತು ಅಲ್ಲ. ಸೂರ್ಯ ನಿಮ್ಮ ಬೆನ್ನಿಗಿರುತ್ತೆ, ನೀವು ಸರಿದ ಹಾಗೆ ಅದೂ ಸರಿಯುತ್ತೆ. ಬಿಲ್ಲಿನ ಕಾಲು ಪೋಟಲ ಅರಮನೆ ಮೇಲೆ ಬೀಳೋ ಜಾಗಕ್ಕೆ ಓಡಿ ತೆಗೆದ್ರು. ಸಮುದ್ರ ಮಟ್ಟದಿಂದ 3,600 ಮೀಟರ್‌ಗೂ ಮೇಲೆ! ಹತ್ತಿ ಹತ್ತಿ ಗಟ್ಟಿಯಾದ ಎದೆಗೂಡು ಇಲ್ಲದಿದ್ರೆ ಆ ಚಿತ್ರ ಇಲ್ಲ.

ಅವರು ಒಯ್ತಿದ್ದದ್ದು ಸಣ್ಣ 35 ಎಂಎಂ ಕ್ಯಾಮೆರಾ. ಹತ್ತುವಾಗ ಕೈಗೆ ಸಿಗಬೇಕು ಅನ್ನೋದೇ ಮುಖ್ಯ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರವೂ ಅದೇ. ಬ್ಯಾಗಿನ ತಳದಲ್ಲಿರೋ ಒಳ್ಳೇ ಲೆನ್ಸಿಗಿಂತ ಎದೆಗೆ ಕಟ್ಟಿದ 18-55 ವಾಸಿ.

ಅಂತರಗಂಗೆ ಅಕ್ಕ

ಸುಬ್ಬು ಹೇಳಿದ್ದಕ್ಕೆ ನಂದೂ ಸೇರಿಸ್ಕೊಳ್ಳಿ. ನಾನು ಕೋಲಾರದವಳು, ಶತಶೃಂಗ ಬೆಟ್ಟ ಮನೆ ಹಿತ್ತಲಿದ್ದ ಹಾಗೆ. ಬಸವನ ಬಾಯಿಂದ ನೀರು ಬೀಳೋ ಕಲ್ಯಾಣಿವರೆಗೆ ಎಲ್ಲರೂ ಬರ್ತಾರೆ. ಅಲ್ಲಿಂದ ಮೇಲೆ ಗುಹೆ ಕಡೆ ಹೋದ್ರೆ ಬಂಡೆಗಳ ನಡುವಿನ ಸಂದಿಯಲ್ಲಿ ತೆವಳಬೇಕು. ಮೊದಲ ಸಲ ದೊಡ್ಡ ಬ್ಯಾಗ್ ಹಾಕ್ಕೊಂಡು ಹೋಗಿ ಸಿಕ್ಕಿಹಾಕ್ಕೊಂಡೆ. ಹಿಂದೆ ನನ್ನ ಮಗಳು, ಮುಂದೆ ಕತ್ತಲೆ. ಬ್ಯಾಗ್ ಕಳಚಿ ಅವಳ ಕೈಗೆ ಕೊಟ್ಟು ಬರಿಗೈಲಿ ಮುಂದೆ ಹೋದೆ. ಆ ಕಡೆ ಎದ್ದು ನಿಂತಾಗ ಮೇಲಿನ ಬಿರುಕಿಂದ ಒಂದೇ ಒಂದು ಬೆಳಕಿನ ಪಟ್ಟಿ ಬಂಡೆ ಮೇಲೆ ಇಳಿದಿತ್ತು. ನನ್ನ ಅಂಗೈಯಷ್ಟು ಅಗಲ. ಅದರಲ್ಲಿ ಧೂಳು ಮೇಲೆ ಕೆಳಗೆ ಆಡ್ತಿತ್ತು. ಕ್ಯಾಮೆರಾ ಬರೋ ಹೊತ್ತಿಗೆ ಪಟ್ಟಿ ಸರಿದು ಮೊಬೈಲ್ ಅಗಲ ಆಗಿತ್ತು.

ಅವತ್ತಿಂದ ಒಂದೇ ಲೆನ್ಸು, 35 ಎಂಎಂ ಪ್ರೈಮ್, ಅಂದ್ರೆ ಝೂಮ್ ಇಲ್ಲದ್ದು. ಝೂಮ್ ಬೇಕಾದ್ರೆ ಕಾಲು ಹಾಕ್ಬೇಕು.

ಮತ್ತೆ ಕೋತಿಗಳಿವೆ, ಹುಷಾರು. ಪ್ಲಾಸ್ಟಿಕ್ ಕವರ್ ಸದ್ದಾದ್ರೆ ಕ್ಯಾಮೆರಾ ಸಮೇತ ಎಳೀತಾವೆ.

ಸಿರಾ ಗೇಟ್ ಸೀನ

ಮಗಳನ್ನೂ ಕರ್ಕೊಂಡು ಗುಹೆಗೆ ಹೋಗ್ತೀರಾ ಅಕ್ಕ? ಮನೇಲಿ ಏನೂ ಅನ್ನಲ್ವಾ?

ಅಂತರಗಂಗೆ ಅಕ್ಕ

ಅಂತಾರೆ. ಹೆಂಗಸರಿಗೆ ಯಾಕೆ ಇವೆಲ್ಲ ಅಂತ ಬೀದೀಲಿ ಸಿಕ್ಕೋರೂ ಕೇಳ್ತಾರೆ. ನಾವು ಇಬ್ಬರೇ ಹೋಗಲ್ಲ, ತೇರಹಳ್ಳಿ ಕಡೆಯ ಗೊತ್ತಿರೋರು ಒಬ್ಬರು ಜೊತೆಗಿರ್ತಾರೆ, ಕತ್ತಲಾಗೋ ಮುಂಚೆ ಕೆಳಗಿರ್ತೀವಿ. ಹೋದ ತಿಂಗಳು ಅವಳು ತೆಗೆದ ಚಿತ್ರ ಕ್ಲಾಸಲ್ಲಿ ಗೋಡೆಗೆ ಹಾಕಿದ್ದಾರೆ. ನನಗೆ ಅಷ್ಟು ಸಾಕು.

ಕಳವಾರದ ಹುಡುಗ

ನಮ್ಮ ಬೆಟ್ಟಾನ ಎಲ್ಲರೂ ಸ್ಕಂದಗಿರಿ ಅಂತಾರೆ, ನಮಗೆ ಕಳವಾರ ಬೆಟ್ಟ. ಅಲ್ಲಿಗೆ ಬರೋ ನೂರಕ್ಕೆ ನೂರು ಜನ ಮಂಜಿನ ಸಮುದ್ರ ಬೇಕು ಅಂತಾರೆ. ಸಿಗದಿದ್ರೆ ಬೆಟ್ಟಾನೇ ಬೈತಾರೆ. ಸ್ವಾಮಿ, ಮಂಜು ಹಾಗೆ ಬರಲ್ಲ. ಒಂದೆರಡು ದಿನ ಮುಂಚೆ ಮಳೆಯಾಗಿ ನೆಲ ಹಸಿ ಇರಬೇಕು, ರಾತ್ರಿ ಆಕಾಶ ಶುಭ್ರ ಇರಬೇಕು, ಗಾಳಿ ಬಹುಪಾಲು ನಿಂತಿರಬೇಕು. ಆಗ ನೆಲ ಬೇಗ ತಣ್ಣಗಾಗುತ್ತೆ, ತಣ್ಣನೆ ಗಾಳಿ ತಗ್ಗಿಗೆ ಇಳಿದು ಅಲ್ಲೇ ಮಂಜಾಗುತ್ತೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದ ಹಾಗೆ ಕೂರುತ್ತೆ. ನಾವು ಮುಚ್ಚಳದ ಮೇಲಿರ್ತೀವಿ. ನವೆಂಬರ್‌ನಿಂದ ಜನವರಿವರೆಗೆ ಒಳ್ಳೇ ಕಾಲ. ಜೋರು ಗಾಳಿ ಇರೋ ರಾತ್ರಿ ಹೊರಟ್ರೆ ಬರೀ ಚಳಿ ಸಿಗುತ್ತೆ.

ನಮ್ಮಪ್ಪ ಇದನ್ನ ಯಾವ ಆಪ್ ನೋಡದೇ ಹೇಳ್ತಾರೆ. ಸಂಜೆ ಒಲೆ ಹೊಗೆ ಮೇಲೆ ಹೋಗ್ದೆ ಹಂಚಿನ ಮಟ್ಟಕ್ಕೇ ಹರಡಿದ್ರೆ "ನಾಳೆ ಕಾವಳ" ಅಂತಾರೆ. ಹೆಚ್ಚು ಸಲ ಸರಿಯಾಗುತ್ತೆ.

ನಂದಿ ನೋಟ

ಕಾವಳ! ಈ ಪದ ಕೇಳಿ ಎಷ್ಟು ವರ್ಷ ಆಯ್ತು. ನಮ್ಮಜ್ಜಿ ಬಾಯಲ್ಲಿತ್ತು.

ಹುಡುಗ ಹೇಳಿದ ಜೊತೆಗೆ ಇದೂ ನೋಡ್ಕೊಳ್ಳಿ. ಸೂರ್ಯ ಹುಟ್ಟೋ ಜಾಗ ವರ್ಷವಿಡೀ ಒಂದೇ ಅಲ್ಲ. ನಮ್ಮ ಕಡೆ ಡಿಸೆಂಬರ್‌ನಲ್ಲಿ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ನಂದಿಬೆಟ್ಟದ 1,478 ಮೀಟರ್ ಎತ್ತರದಲ್ಲಿ ಒಂದೇ ಕಂಬಿ ಹತ್ತಿರ ನಿಂತು ನಾಲ್ಕು ಋತು ನೋಡಿದ್ರೆ ಬೇರೆ ಬೇರೆ ಬೆಟ್ಟದ ಹಿಂದಿಂದ ಸೂರ್ಯ ಬರ್ತಾನೆ. ಜನ ಒಂದೇ ಸಲ ಬಂದು ಸಿಗಲಿಲ್ಲ ಅಂತಾರೆ.

ಕಳವಾರದ ಹುಡುಗ

ಇನ್ನೊಂದು ಮಾತು ಹೇಳ್ಬಿಡ್ತೀನಿ. ನಮ್ಮ ತಾತ ಆಡು ಮೇಯಿಸಿದ ಬೆಟ್ಟಕ್ಕೆ ಈಗ ಆನ್‌ಲೈನ್‌ನಲ್ಲಿ ಟಿಕೆಟ್ ತಗೋಬೇಕು. ನನಗೆ ಇದು ಹೊಟ್ಟೆ ಉರಿಸುತ್ತೆ.

ನಂದಿ ನೋಟ

ಉರಿ ಅರ್ಥ ಆಗುತ್ತೆ ತಮ್ಮ. ಆದ್ರೆ ಮುಂಚೆ ರಾತ್ರಿ ಹೊತ್ತು ಲೆಕ್ಕವಿಲ್ಲದ ಜನ, ಬೆಂಕಿ ಹಾಕ್ಕೊಂಡು ಕೂರೋರು, ಬಾಟಲಿ ಒಡೆಯೋರು. ಫೆಬ್ರವರಿಲಿ ಬಾದೆ ಹುಲ್ಲು ಒಣಗಿ ನಿಂತಾಗ ಒಂದು ಕಿಡಿ ಸಾಕು. ಹಳದಿ ಕೊರಳಿನ ಪಿಕಳಾರ ಅಂತ ಹಕ್ಕಿ ಇದೆ, ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳ ಕುರುಚಲಲ್ಲೇ ಬದುಕೋದು, ಬೇರೆ ಕಡೆ ಇಲ್ಲ. ಸುಟ್ಟ ಬೆಟ್ಟದಲ್ಲಿ ಅದಕ್ಕೆ ಏನಿದೆ? ಊರಿನವರಿಗೆ ಟಿಕೆಟ್ ಬೇಡ ಅಂತ ಕೇಳೋಣ, ನಾನೂ ಸಹಿ ಹಾಕ್ತೀನಿ. ಗೇಟೇ ಬೇಡ ಅನ್ನೋದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಕುಣಿಗಲ್ ಕುದುರೆ

ದೇವರಾಯನದುರ್ಗ ಇಳಿದ ಮೇಲೆ ತಿಂಡಿಗೆ ಎಲ್ಲಿ ಹೋಗ್ತೀರಿ ಎಲ್ಲಾ?

ಸಿರಾ ಗೇಟ್ ಸೀನ

ಇದೂ ಒಂದು ಪ್ರಶ್ನೆನಾ, ಕ್ಯಾತ್ಸಂದ್ರ ತಟ್ಟೆ ಇಡ್ಲಿ.

ಸ್ಲ್ಯಾಬ್ ಸುಬ್ಬು

ಬಿಡದಿ ತಟ್ಟೆ ಇಡ್ಲಿ ಮುಂದೆ ಯಾವುದೂ ಇಲ್ಲ.

ಸಿರಾ ಗೇಟ್ ಸೀನ

ಸುಬ್ಬು ಸರ್, ಬಂಡೆ ವಿಷಯದಲ್ಲಿ ನೀವು ಹೇಳಿದ್ದೆಲ್ಲ ಕೇಳ್ತೀನಿ, ಇದನ್ನ ಕೇಳಲ್ಲ.

ಕೊರಟಗೆರೆ ಮೇಷ್ಟ್ರು

ಇಡ್ಲಿ ಬಿಟ್ಟು ಬಂಡೆಗೆ ಬನ್ನಿ. ಹೈದ "ಬಂಡೆ ಬೆಚ್ಚಗಿತ್ತು" ಅಂದದ್ದು ನನಗೆ ಬಹಳ ಹಿಡಿಸಿತು. ಮಧುಗಿರಿಯದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತಿದ್ರು, ಹೆಸರು ಅಲ್ಲಿಂದ ಬಂತು. ಆ ಕಡೆಯಿಂದ ಉತ್ತರಕ್ಕೆ ಮಾಗಡಿ, ಮಧುಗಿರಿ, ಪಾವಗಡದ ಮೇಲೆ ಹಾದು ಹೋಗೋ ಉದ್ದನೆ ಪಟ್ಟಿ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಹೆಪ್ಪುಗಟ್ಟಿದ್ದು, ಮೇಲಿನ ಭಾರ ಸವೆದು ಹೋದ ಹಾಗೆ ಹಿಗ್ಗಿ ಈರುಳ್ಳಿ ಹಾಗೆ ಪದರ ಪದರ ಸಿಪ್ಪೆ ಬಿಡುತ್ತೆ. ಅದಕ್ಕೇ ನಮ್ಮ ಬೆಟ್ಟಗಳು ಮೊನಚಾಗಿಲ್ಲ, ಬೋರಲು ಹಾಕಿದ ಬೋಗುಣಿ ಹಾಗಿವೆ. ಅದರಲ್ಲಿರೋ ಫೆಲ್ಡ್‌ಸ್ಪಾರ್ ಹರಳು ತಿಳಿಗುಲಾಬಿ ಬಣ್ಣದ್ದು. ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಬೆಟ್ಟ ಕೆಂಪೇರೋದು ಬಿಸಿಲಿನ ಬಣ್ಣದಿಂದಷ್ಟೇ ಅಲ್ಲ, ಕಲ್ಲಿನ ಬಣ್ಣವೂ ಸೇರಿ.

ಮಕ್ಕಳನ್ನ ಸಿದ್ದರಬೆಟ್ಟಕ್ಕೆ ಕರ್ಕೊಂಡು ಹೋದಾಗ ಕೆನ್ನೆ ಬಂಡೆಗೆ ಒತ್ತಿ ಒಂದು ಕಣ್ಣಲ್ಲಿ ನೋಡಿ ಅಂತೀನಿ. ಒಂದೊಂದು ಹರಳಿಗೂ ಒಂದೊಂದು ನೆರಳು ಇರುತ್ತೆ. ಓರೆ ಬೆಳಕು ಅಂದ್ರೇನು ಅಂತ ಬೋರ್ಡ್ ಮೇಲೆ ಎಷ್ಟು ಬರೆದ್ರೂ ಅಷ್ಟು ತಲೆಗೆ ಹೋಗಲ್ಲ.

ಸ್ಲ್ಯಾಬ್ ಸುಬ್ಬು

ಮೇಷ್ಟ್ರೇ, ಆ ಹರಳುಗಳೇ ನಮ್ಮನ್ನ ಹಿಡ್ಕೊಳ್ಳೋದು ಕೂಡ. ಸ್ಲ್ಯಾಬ್, ಅಂದ್ರೆ ಓರೆಯಾದ ಬೋಳು ಬಂಡೆ ಹತ್ತುವಾಗ ಹಿಡಿಯೋಕೆ ಏನೂ ಇರಲ್ಲ, ಪಾದದ ತಿಕ್ಕಾಟವೊಂದೇ. ಹಿಮ್ಮಡಿ ಇಳಿಸಿ, ಮೈ ಬಂಡೆಗೆ ಅಂಟಿಸದೆ ಹೊರಗಿಟ್ಟು, ಮುಂದಿನ ಹರಳು ಎಲ್ಲಿ ಒರಟಾಗಿದೆ ಅಂತ ಹುಡುಕ್ತೀವಿ. ನೀರು ಹರಿದ ಕಪ್ಪು ಪಟ್ಟಿ ಕಂಡ್ರೆ ಬಿಡ್ತೀವಿ, ಪಾಚಿ ಇರುತ್ತೆ. ಹತ್ತು ವರ್ಷ ಹೀಗೆ ಹುಡುಕಿದ ಕಣ್ಣಿಗೆ ಕ್ಯಾಮೆರಾ ಕೊಟ್ರೆ ಅದು ಬೇರೆ ಏನು ಮಾಡುತ್ತೆ, ಅದನ್ನೇ ಮಾಡುತ್ತೆ. ನನ್ನ ಚಿತ್ರಗಳಲ್ಲಿ ಆಕಾಶ ಕಡಿಮೆ, ಕಲ್ಲು ಜಾಸ್ತಿ.

ಹುತ್ರಿದುರ್ಗದವನು

ಎಲ್ಲಾ ಚೆನ್ನಾಗಿ ಹೇಳಿದ್ರಿ, ಬೀಳೋ ವಿಷಯ ಯಾರೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹುತ್ರಿದುರ್ಗದಲ್ಲಿ ಬೆಳಗಿನ ಇಬ್ಬನಿ, ಬಂಡೆ ತೇವ. ದೊಣೆಯಲ್ಲಿ ಕೋಟೆ ಗೋಡೆ ಪ್ರತಿಬಿಂಬ ಬಿದ್ದಿತ್ತು. ಪೂರ್ತಿ ಚೌಕಟ್ಟಿಗೆ ಬರಲಿ ಅಂತ ವ್ಯೂಫೈಂಡರಲ್ಲಿ ಕಣ್ಣಿಟ್ಟೇ ಎರಡು ಹೆಜ್ಜೆ ಹಿಂದೆ ಹೋದೆ. ಮೂರನೇ ಹೆಜ್ಜೆಗೆ ಕಾಲಡಿ ಪಾಚಿ. ನಾನು ಎಂಟು ಅಡಿ ಜಾರಿ ಪೊದೆಗೆ ಸಿಕ್ಕಿ ನಿಂತೆ, ಲೆನ್ಸು ಪೊದೆಗೂ ಸಿಗಲಿಲ್ಲ. ಮೊಣಕೈಗೆ ಹನ್ನೊಂದು ಹೊಲಿಗೆ. ಹೆಂಡತಿ ಆರು ತಿಂಗಳು ಬೆಟ್ಟದ ಹೆಸರೆತ್ತೋಕೆ ಬಿಡಲಿಲ್ಲ, ಅವಳದು ತಪ್ಪಲ್ಲ.

ಕಣ್ಣು ವ್ಯೂಫೈಂಡರಲ್ಲಿರುವಾಗ ಕಾಲು ಕದಲಬಾರದು. ಕಾಲು ಕದಲಬೇಕಾದ್ರೆ ಕ್ಯಾಮೆರಾ ಕೆಳಗಿಳಿಸಿ. ಇಷ್ಟೇ ನಾನು ಹೇಳೋದು. ಹೈದ, ಕಂಬಿ ಹಿಡಿದು ತಿರುಗಿದೆ ಅಂದ್ರಲ್ಲ, ಅದು ಓದಿ ಸಮಾಧಾನ ಆಯ್ತು. ಟ್ರೈಪಾಡ್ ಕಡಿದಾದ ಜಾಗಕ್ಕೆ ಬೇಡ, ಎರಡೂ ಕೈ ಬೇಕು ಅಲ್ಲಿ.

ನಂದಿ ನೋಟ

ಪೋಲರೈಜರ್ ಫಿಲ್ಟರ್ ಕೂಡ ಅಲ್ಲಿಗೆ ಬೇಡ. ಅದು ಹೊಳಪು ತೆಗೆಯುತ್ತೆ, ಗುಳಿಯಲ್ಲಿರೋ ಆಕಾಶವೇ ಹೋಗಿಬಿಡುತ್ತೆ. ರಾ (RAW) ಫೈಲಲ್ಲಿ, ಅಂದ್ರೆ ಕ್ಯಾಮೆರಾ ತಿದ್ದದೇ ಉಳಿಸೋ ಫೈಲಲ್ಲಿ ತೆಗೀರಿ, ನೀರಿನ ಬೆಳಕಿಗೆ ಹೊಂದೋ ಹಾಗೆ ಎಕ್ಸ್‌ಪೋಷರ್ ಇಡಿ, ಬಂಡೆ ಕಪ್ಪಾದ್ರೆ ಆಮೇಲೆ ಎತ್ಕೋಬಹುದು.

ಕೆರೆ ಏರಿ

ನಾನು ಬಹಳ ದಿನದಿಂದ ಇಲ್ಲಿ ಓದ್ತೀನಿ, ಬರೆಯೋದು ಇದೇ ಮೊದಲು. ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿ ನಮ್ಮದು, ಹೆಸರು ಬೇಡ. ಊರ ಪಕ್ಕ ಒಂದು ಗುಡ್ಡ. ಯಾವ ನಕ್ಷೆಯಲ್ಲೂ ದೊಡ್ಡದಾಗಿ ಇರದಂಥದ್ದು. ತುದೀಲಿ ಒಂದು ಮುನೇಶ್ವರನ ಕಲ್ಲು, ಪಕ್ಕದಲ್ಲಿ ಬೇಸಿಗೇಲೂ ಒಣಗದ ದೊಣೆ. ಪಿಯುಸಿಯಲ್ಲಿದ್ದಾಗ ಅಣ್ಣನ ಮೊಬೈಲಲ್ಲಿ ಅಲ್ಲಿಂದ ಒಂದು ಫೋಟೋ ತೆಗೆದಿದ್ದೆ. ಮಸುಕು ಮಸುಕು. ದೊಣೆ, ಅದರಾಚೆ ನಮ್ಮ ಕೆರೆ, ಕೆರೆಯಾಚೆ ನಮ್ಮ ಮನೆ ಹಂಚು.

ಆಮೇಲೆ ಕ್ವಾರಿ ಬಂತು. ಪ್ರತಿ ಸಂಕ್ರಾಂತಿಗೆ ಊರಿಗೆ ಹೋದಾಗ ಕೆರೆ ಏರಿ ಮೇಲೆ ಅದೇ ಹುಣಸೆಮರದ ಕೆಳಗೆ ನಿಂತು ಗುಡ್ಡದ ಒಂದು ಫೋಟೋ ತೆಗೀತೀನಿ. ಒಂಬತ್ತು ಫೋಟೋ ಆಗಿದೆ. ನಾಲ್ಕನೇದರಲ್ಲಿ ಎಡಭಾಗ ಇಲ್ಲ. ಏಳನೇದರಲ್ಲಿ ಮುನೇಶ್ವರನ ಕಲ್ಲು ಇಲ್ಲ, ಅದನ್ನ ಕೆಳಗೆ ತಂದು ಆಲದಮರದ ಹತ್ತಿರ ಇಟ್ಟಿದ್ದಾರೆ. ಈ ವರ್ಷದ್ದರಲ್ಲಿ ಗುಡ್ಡದ ಹಿಂದಿನ ಊರು ಕಾಣುತ್ತೆ.

ಡ್ರೋನ್ ಬೇಕಾ ಹತ್ತಬೇಕಾ ಅಂತ ಕೇಳಿದ್ರಿ. ನನ್ನ ಆ ಮಸುಕು ಫೋಟೋ ತೆಗೆದ ಜಾಗಕ್ಕೆ ಈಗ ಡ್ರೋನ್ ಮಾತ್ರ ಹೋಗಬಹುದು. ಅಲ್ಲಿ ನಿಲ್ಲೋಕೆ ಕಲ್ಲಿಲ್ಲ.

ಹಳೇ ರೀಲು

ಆ ಒಂಬತ್ತೂ ಚಿತ್ರ ಎರಡು ಕಡೆ ಜೋಪಾನ ಮಾಡಿ. ಹಿಂದೆ ತಾರೀಖು ಬರೀರಿ. ದಯವಿಟ್ಟು.

ಗುಡಿಬಂಡೆ ಗರುಡ

ಏರಿ ಅವರೇ, ಓದಿ ಸುಮ್ಮನೆ ಕೂತಿದ್ದೆ. ನೀವು ಒಪ್ಪಿದ್ರೆ, ಹಾರಿಸೋಕೆ ಅವಕಾಶ ಇರೋ ವಲಯ ಆದ್ರೆ, ಆ ಮಸುಕು ಫೋಟೋದ ಎತ್ತರಕ್ಕೇ ಡ್ರೋನ್ ಏರಿಸಿ ಅದೇ ಕೋನದಿಂದ ಒಂದು ತೆಗೆದು ಕೊಡ್ತೀನಿ. ಎರಡನ್ನೂ ಪಕ್ಕಪಕ್ಕ ಇಡಬಹುದು. ಪೆಟ್ರೋಲ್ ದುಡ್ಡೂ ಬೇಡ.

ಕೆರೆ ಏರಿ

ಅಮ್ಮನ್ನ ಕೇಳಿ ಹೇಳ್ತೀನಿ ಅಣ್ಣ. ಅವಳಿಗೆ ಆ ದೊಣೆ ನೀರಂದ್ರೆ ಬಹಳ ಇಷ್ಟ ಇತ್ತು.

ಮಧುಗಿರಿ ಹೈದ

ಎರಡು ದಿನ ಪಾಳಿ ಇತ್ತು, ಈಗ ಎಲ್ಲಾ ಓದಿದೆ. ಏರಿ ಅವರದ್ದು ಓದಿದ ಮೇಲೆ ನನ್ನ ಬೇಜಾರು ಎಷ್ಟು ಸಣ್ಣದು ಅನ್ನಿಸ್ತು. ನಮ್ಮ ಬೆಟ್ಟ ಇನ್ನೂ ಇದೆ. ಟ್ರೈಪಾಡ್ ತಗೊಳ್ಳಲ್ಲ. ಆ ದುಡ್ಡಲ್ಲಿ ಎದೆಗೆ ಕಟ್ಟೋ ಪಟ್ಟಿ, ಒಳ್ಳೇ ಹಿಡಿತದ ಶೂ ತಗೋತೀನಿ.

ಗುಳಿ ನೀರಿನ ಫೋಟೋ ಇವತ್ತು ರಾತ್ರಿ ಹಾಕ್ತೀನಿ. ಒಂದು ಮೂಲೇಲಿ ನನ್ನ ಬೆರಳು ಬಂದಿದೆ, ಕಂಬಿ ಹಿಡಿದಿರೋದು. ಮುಂಚೆ ಕತ್ತರಿಸಿದ್ದೆ, ಈಗ ಬಿಟ್ಟಿದ್ದೀನಿ.

ಮುಂದಿನ ಭಾನುವಾರ ಮಧ್ಯಾಹ್ನ ಎರಡಕ್ಕೆ ಕೋಟೆ ಬಾಗಿಲಲ್ಲಿರ್ತೀನಿ, ಕತ್ತಲಾಗೋ ಮುಂಚೆ ಇಳೀತೀನಿ. ಮೇಷ್ಟ್ರೇ, ಬಂದು ಆ ಕೆನ್ನೆ ಒತ್ತಿ ನೋಡೋದನ್ನ ನಮಗೂ ತೋರಿಸಬೇಕು.

ಕೊರಟಗೆರೆ ಮೇಷ್ಟ್ರು

ಬರ್ತೀನಿ. ಏಳನೇ ಕ್ಲಾಸಿನ ಇಬ್ಬರನ್ನ ಕರ್ಕೊಂಡು ಬರಬಹುದಾ? ಅವರ ಮನೇಲಿ ಒಪ್ಪಿಗೆ ತಗೊಂಡೇ ಬರ್ತೀನಿ. ಕಂಬಿ ಜಾಗಕ್ಕೆ ಹತ್ತಿಸಲ್ಲ, ಮೊದಲ ಬಂಡೆವರೆಗೆ ಮಾತ್ರ.

ಅಂತರಗಂಗೆ ಅಕ್ಕ

ನಾವೂ ಇಬ್ಬರು. ಮಗಳು ಈಗಲೇ ಬ್ಯಾಟರಿ ಚಾರ್ಜಿಗೆ ಹಾಕಿದ್ದಾಳೆ, ಇನ್ನೂ ಬುಧವಾರ.

ಸಿರಾ ಗೇಟ್ ಸೀನ

ಬೆಳಗ್ಗೆ ಕ್ಯಾತ್ಸಂದ್ರದಿಂದ ಇಡ್ಲಿ ಕಟ್ಟಿಸ್ಕೊಂಡು ಬರೋ ಜವಾಬ್ದಾರಿ ನಂದು. ಎಷ್ಟು ಜನ ಹೇಳಿ. ಸುಬ್ಬು ಸರ್, ನಿಮಗೂ ಸೇರಿಸಿ.